ಪಂಚಗಂಗೆಯ ದಂಡೆಯಿಂದ ಪನ್ಹಾಳದ ಕೋಟೆಗೆ

ಇಚಲಕರಂಜಿ, ಗಡಹಿಂಗ್ಲಜ, ಶಿರೋಳ ಭಾಗದ ಕನ್ನಡ ಕುಟುಂಬಗಳಿಗೆ ಕೊಲ್ಲಾಪುರ ಹೊಸ ಊರಲ್ಲ. ಆಸ್ಪತ್ರೆಗೆಂದು, ಜಿಲ್ಲಾ ಕಚೇರಿಯ ಕಾಗದಪತ್ರಕ್ಕೆಂದು, ಮದುವೆಯ ಜವಳಿಗೆಂದು, ಅಂಬಾಬಾಯಿಯ ದರ್ಶನಕ್ಕೆಂದು ವರ್ಷದಲ್ಲಿ ನಾಲ್ಕಾರು ಸಲವಾದರೂ ಹೋಗಿಬರುವ ಊರದು. ಆದರೆ ಕೆಲಸಕ್ಕಾಗಿ ಊರಿಗೆ ಹೋಗುವುದು ಬೇರೆ, ಊರನ್ನೇ ನೋಡಲು ಹೋಗುವುದು ಬೇರೆ. ಬೆಳಗಿನ ಎಸ್.ಟಿ. ಹತ್ತಿ ಸಂಜೆಯ ಎಸ್.ಟಿ.ಗೆ ಮರಳುವ ಅವಸರದಲ್ಲಿ ಮಕ್ಕಳ ಕಣ್ಣಿಗೆ ಬೀಳುವುದು ಪೇಟೆಯ ಗದ್ದಲ ಮಾತ್ರ. ದೀಪಾವಳಿಯ ಸೂಟಿಯಲ್ಲಾಗಲಿ, ಚಳಿಗಾಲದ ಒಂದು ಶನಿವಾರ-ಭಾನುವಾರದಲ್ಲಾಗಲಿ ಎರಡು ದಿನ ಬಿಡುವು ಮಾಡಿಕೊಂಡು, ಒಂದು ದಿನ ನದಿಯ ದಂಡೆಯ ಕೊಲ್ಲಾಪುರವನ್ನೂ ಮತ್ತೊಂದು ದಿನ ಬೆಟ್ಟದ ಮೇಲಿನ ಪನ್ಹಾಳವನ್ನೂ ನೋಡಬಯಸುವ ಪಾಲಕರಿಗಾಗಿ ಈ ಬರಹ.

ಹೀಗೆ ಹೋಗಬೇಕೆನ್ನಲು ಒಂದು ಕಾರಣವಿದೆ. ಕನ್ನಡ ಮಾಧ್ಯಮದಲ್ಲಿ ಕಲಿಯುವ ನಮ್ಮ ಮಕ್ಕಳು ಕೊಲ್ಲಾಪುರದ ಬೀದಿಗಿಳಿದೊಡನೆ ದನಿ ತಗ್ಗಿಸುತ್ತಾರೆ. ಅವರಿಗೆ ಮರಾಠಿ ಬಾರದೆಂದಲ್ಲ, ಚೆನ್ನಾಗಿಯೇ ಬರುತ್ತದೆ. ಆದರೆ ಕನ್ನಡವು ಮನೆಗೂ ಶಾಲೆಗೂ ಸೇರಿದ ಮಾತು, ದೊಡ್ಡ ಊರಿಗೆ ಬರುವಾಗ ಅದನ್ನು ಅಗಸೆಬಾಗಿಲಲ್ಲೇ ಬಿಟ್ಟು ಬರಬೇಕು ಎಂಬ ಭಾವನೆ ಅವರ ಮನಸ್ಸಿನಲ್ಲಿ ಯಾರೂ ಹೇಳಿಕೊಡದೆಯೇ ಬೇರೂರಿರುತ್ತದೆ. ಪಾಲಕರಲ್ಲಿಯೂ ಅದೇ ಅಳುಕು: ಈ ಅಕ್ಷರ ಕಲಿತರೆ ಮಗು ನಾಳೆ ಎಲ್ಲಿಯದಾಗುತ್ತದೆ? ಈ ಪ್ರಶ್ನೆಗೆ ಭಾಷಣದಿಂದ ಉತ್ತರ ಸಿಗದು. ಆದರೆ ಎಂಟುನೂರು-ಒಂಬೈನೂರು ವರ್ಷಗಳ ಹಿಂದೆ ಕೊಲ್ಲಾಪುರವು ತನ್ನ ದಾನದತ್ತಿಗಳನ್ನೂ ಸುಂಕದ ಲೆಕ್ಕವನ್ನೂ ಕಲ್ಲಿನಲ್ಲಿ ಬರೆಸಿದ ಅಕ್ಷರಗಳಲ್ಲಿ ಇದೇ ಕನ್ನಡ ಅಕ್ಷರಗಳೂ ಇವೆ ಎಂಬುದನ್ನು ಮಗುವಿಗೆ ಸ್ಥಳದಲ್ಲೇ ತಿಳಿಸಬಹುದು. ಇದು ಊರಿನ ಮೇಲೆ ಹಕ್ಕು ಸಾಧಿಸುವ ಮಾತಲ್ಲ. ಒಂದೇ ಮನೆಯಲ್ಲಿ ಹಲವು ತಲೆಮಾರುಗಳ ಕೈಬರಹ ಸಿಗುವಂತೆ, ಇಲ್ಲಿ ಸಿಗುವ ಕೈಬರಹಗಳಲ್ಲಿ ನಮ್ಮದೂ ಒಂದು ಎಂದು ಮಗು ಅರಿತರೆ ಸಾಕು.

ಹೋಗುವ ದಾರಿ, ಹೋಗುವ ಕಾಲ

ಇಚಲಕರಂಜಿಯಿಂದ ಕೊಲ್ಲಾಪುರಕ್ಕೆ ಸುಮಾರು 30 ಕಿಲೋಮೀಟರು, ಬಸ್ಸುಗಳಿಗೆ ಕೊರತೆಯಿಲ್ಲ. ಗಡಹಿಂಗ್ಲಜದವರಿಗೆ ಸುಮಾರು 65 ಕಿಲೋಮೀಟರು. ಅವರು ಸಂಕೇಶ್ವರ, ನಿಪ್ಪಾಣಿ, ಕಾಗಲದ ಹೆದ್ದಾರಿಯಿಂದ ಹೋಗುವುದಾದರೆ ಒಂದು ಸ್ವಾರಸ್ಯವನ್ನು ಮಕ್ಕಳಿಗೆ ತೋರಿಸಬಹುದು. ಗಡಹಿಂಗ್ಲಜ ಮಹಾರಾಷ್ಟ್ರದ್ದು; ಸಂಕೇಶ್ವರ, ನಿಪ್ಪಾಣಿ ಕರ್ನಾಟಕದವು; ಕಾಗಲ ಮತ್ತೆ ಮಹಾರಾಷ್ಟ್ರದ್ದು. ಒಂದೇ ಜಿಲ್ಲೆಯೊಳಗಿನ ಪ್ರಯಾಣದಲ್ಲಿ ಬಸ್ಸು ರಾಜ್ಯದ ಗಡಿಯನ್ನು ಎರಡು ಸಲ ದಾಟುತ್ತದೆ. ಹೊಲ, ಕಬ್ಬು, ಮಣ್ಣಿನ ಬಣ್ಣ ಎಲ್ಲಿಯೂ ಬದಲಾಗುವುದಿಲ್ಲ; ಅಂಗಡಿಗಳ ಫಲಕಗಳ ಲಿಪಿ ಮಾತ್ರ ಬದಲಾಗುತ್ತದೆ. ಎಲ್ಲೆಲ್ಲಿ ಬದಲಾಯಿತೆಂದು ಮಕ್ಕಳು ಕಿಟಕಿಯ ಬಳಿ ಕುಳಿತು ಗುರುತಿಸಲಿ.

ನವೆಂಬರದಿಂದ ಫೆಬ್ರುವರಿಯವರೆಗಿನ ಕಾಲ ಉತ್ತಮ. ಮಳೆಗಾಲದಲ್ಲಿ ಪನ್ಹಾಳ ಮಂಜಿನಿಂದ ಮನೋಹರವಾಗಿರುತ್ತದೆ ನಿಜ. ಆದರೆ ಜುಲೈ-ಆಗಸ್ಟ್ ತಿಂಗಳಲ್ಲಿ ಚಿಕ್ಕ ಮಕ್ಕಳೊಡನೆ ಹೊರಡುವವರು ಎರಡು ಸಲ ಯೋಚಿಸಬೇಕು. ಪಂಚಗಂಗೆಯ ನೀರನ್ನು ಕೊಲ್ಲಾಪುರದ ರಾಜಾರಾಮ ಬಂಧಾರದ ಬಳಿ ಅಳೆಯುತ್ತಾರೆ. 39 ಅಡಿ ಮುಟ್ಟಿದರೆ ಎಚ್ಚರಿಕೆಯ ಮಟ್ಟ, 43 ಅಡಿ ಮುಟ್ಟಿದರೆ ಅಪಾಯದ ಮಟ್ಟ. 2019ರ ಆಗಸ್ಟಿನಲ್ಲಿಯೂ 2021ರ ಜುಲೈಯಲ್ಲಿಯೂ ನೀರು 50 ಅಡಿಯನ್ನೂ ಮೀರಿ ಏರಿತ್ತು. ಆ ದಿನಗಳನ್ನು ಶಿರೋಳ ಭಾಗದ ಮನೆಗಳಿಗೆ ನೆನಪಿಸಬೇಕಾಗಿಲ್ಲ. ಮಳೆಗಾಲದಲ್ಲಿ ಹೊರಡುವ ಮುನ್ನ ಈ ಎರಡು ಅಂಕಿಗಳನ್ನು ನೆನಪಿಟ್ಟುಕೊಂಡು ಆ ದಿನದ ಮಟ್ಟವನ್ನು ವಿಚಾರಿಸುವುದು ಒಳ್ಳೆಯದು.

ಮೊದಲ ದಿನ: ನದಿ

ಕೊಲ್ಲಾಪುರವನ್ನು ನದಿಯಿಂದ ನೋಡಲಾರಂಭಿಸಬೇಕು. ಬೆಳಿಗ್ಗೆ ಪಂಚಗಂಗಾ ಘಾಟಿಗೆ ಹೋದರೆ ಕರಿಗಲ್ಲಿನ ಮೆಟ್ಟಿಲುಗಳು, ನೀರಿನಂಚಿನ ಚಿಕ್ಕ ಚಿಕ್ಕ ಗುಡಿಗಳು, ಅತ್ತ ಶಿವಾಜಿ ಸೇತುವೆ ಕಾಣುತ್ತವೆ. ಮಳೆಗಾಲದಲ್ಲಿ ಈ ಗುಡಿಗಳು ನೀರಿನಲ್ಲಿ ಮುಳುಗಿ, ಬೇಸಿಗೆಗೆ ಮತ್ತೆ ಮೇಲೇಳುತ್ತವೆ. ಕಾಸಾರಿ, ಕುಂಭಿ, ತುಳಸಿ, ಭೋಗಾವತಿ ಎಂಬ ನಾಲ್ಕು ಹೊಳೆಗಳು ಕೂಡಿ ಪಂಚಗಂಗೆಯಾಗುತ್ತದೆ. ಐದನೆಯವಳು ಕಣ್ಣಿಗೆ ಕಾಣದ ಸರಸ್ವತಿ ಎಂಬುದು ನಂಬಿಕೆ. ನಗರದ ಸಮೀಪದ ಚಿಖಲಿಯ ಸಂಗಮವನ್ನು ಪ್ರಯಾಗವೆಂದೇ ಕರೆಯುತ್ತಾರೆ.

ಈ ನೀರು ಮುಂದೆ ಎಲ್ಲಿಗೆ ಹೋಗುತ್ತದೆಂದು ಮಕ್ಕಳನ್ನು ಕೇಳಿರಿ. ಇಚಲಕರಂಜಿಯ ಮಕ್ಕಳು ಉತ್ತರ ಬಲ್ಲರು. ಅದು ಅವರ ಊರಿನ ಪಕ್ಕದಲ್ಲೇ ಹರಿದು, ಕುರುಂದವಾಡದ ಹತ್ತಿರ ನರಸೋಬಾವಾಡಿಯಲ್ಲಿ ಕೃಷ್ಣೆಯನ್ನು ಸೇರುತ್ತದೆ. ಗಡಹಿಂಗ್ಲಜದ ಹಿರಣ್ಯಕೇಶಿ ಬೇರೆ ದಾರಿ ಹಿಡಿದು ಸಂಕೇಶ್ವರವನ್ನು ಹಾದು ಘಟಪ್ರಭೆಯನ್ನು ಸೇರುತ್ತದೆ. ಘಟಪ್ರಭೆಯೂ ಕೊನೆಗೆ ಕೃಷ್ಣೆಯನ್ನೇ ಸೇರುತ್ತದೆ. ನಮ್ಮ ಮೂರೂ ಊರುಗಳ ನೀರು ಕೂಡುವುದು ಕರ್ನಾಟಕದ ನೆಲದಲ್ಲಿ. ಭೋಗಾವತಿಗೆ ರಾಧಾನಗರಿಯಲ್ಲಿ ಅಣೆಕಟ್ಟು ಕಟ್ಟಿಸಲು ತೊಡಗಿದವರು ರಾಜರ್ಷಿ ಶಾಹು ಮಹಾರಾಜರು. ಅದರ ಬಾಗಿಲುಗಳು ಜಲಾಶಯ ತುಂಬಿದಾಗ ತಾವಾಗಿಯೇ ತೆರೆದುಕೊಳ್ಳುತ್ತವೆ. ಆ ಬಾಗಿಲು ತೆರೆಯಿತೆಂಬ ಸುದ್ದಿ ಬಂದರೆ ಕೆಳಗಿನ ಊರುಗಳವರು ಹೊಳೆಯ ಕಡೆ ನೋಡಲಾರಂಭಿಸುತ್ತಾರೆ. ಈ ಹೊಳೆಗೆ ನಗರದ ಕೊಳಚೆಯೂ ಕಾರಖಾನೆಗಳ ಬಣ್ಣದ ನೀರೂ ಸೇರುತ್ತಿರುವುದನ್ನು ಮಕ್ಕಳಿಂದ ಮುಚ್ಚಿಡುವ ಕಾರಣವಿಲ್ಲ. ಘಾಟಿನಲ್ಲಿ ನಿಂತು ಪ್ಲಾಸ್ಟಿಕ್ಕಿನ ಚೀಲವೊಂದು ತೇಲಿಹೋಗುವುದನ್ನು ಕಂಡ ಮಗುವಿಗೆ ಅದು ತನ್ನ ಊರ ಕಡೆಗೇ ಹೊರಟಿದೆಯೆಂದು ಹೇಳಿದರೆ ಪಾಠ ಮುಗಿಯಿತು.

ಘಾಟಿಗೆ ಹೊಂದಿಕೊಂಡಿರುವ ದಿಬ್ಬವೇ ಬ್ರಹ್ಮಪುರಿ. 1945ರ ಸುಮಾರಿಗೆ ಇಲ್ಲಿ ಉತ್ಖನನ ನಡೆದಾಗ, ಎರಡು ಸಾವಿರ ವರ್ಷಗಳಷ್ಟು ಹಳೆಯ ವಸತಿಯ ಕುರುಹುಗಳು ಸಿಕ್ಕವು. ಅವುಗಳಲ್ಲಿ ಗ್ರೀಕರ ಸಮುದ್ರದೇವತೆ ಪೊಸೈಡನ್ನನ ಒಂದು ಪುಟ್ಟ ಕಂಚಿನ ಮೂರ್ತಿಯೂ ಇತ್ತು. ಕಡಲಾಚೆಯ ರೋಮನ್ ವ್ಯಾಪಾರದ ಸರಕು ಸಹ್ಯಾದ್ರಿಯನ್ನೇರಿ ಈ ಹೊಳೆಯ ದಂಡೆಗೆ ಬಂದುದಕ್ಕೆ ಅದು ಸಾಕ್ಷಿ. ಆ ಉತ್ಖನನದಲ್ಲಿ ದೊರೆತ ವಸ್ತುಗಳನ್ನು ಸಿ.ಪಿ.ಆರ್. ಆಸ್ಪತ್ರೆಯ ಬಳಿಯ ಟೌನ್ ಹಾಲ್ ವಸ್ತುಸಂಗ್ರಹಾಲಯದಲ್ಲಿ ಇರಿಸಿದ್ದಾರೆ. ಒಂದು ಗಂಟೆಯಲ್ಲಿ ನೋಡಿ ಮುಗಿಯುವ ಸಂಗ್ರಹಾಲಯವಿದು, ತಪ್ಪಿಸಬಾರದು.

ಆ ಉತ್ಖನನದ ಮುಂದಾಳುಗಳಲ್ಲಿ ಒಬ್ಬರು ರಾಜಾರಾಮ ಕಾಲೇಜಿನ ಪ್ರಾಧ್ಯಾಪಕ ಕೆ. ಜಿ. ಕುಂದಣಗಾರರು. ಬೆಳಗಾವಿ ಜಿಲ್ಲೆಯ ಕೌಜಲಗಿಯಿಂದ ಬಂದ ಈ ವಿದ್ವಾಂಸರು ಉತ್ತರ ಕರ್ನಾಟಕ ಮತ್ತು ಕೊಲ್ಲಾಪುರ ಸಂಸ್ಥಾನದ ಶಾಸನಗಳನ್ನು ಊರೂರು ತಿರುಗಿ ಓದಿ, 1939ರಲ್ಲಿ ಪುಸ್ತಕವಾಗಿ ಪ್ರಕಟಿಸಿದರು. 1961ರಲ್ಲಿ ಗದಗಿನ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಅಧ್ಯಕ್ಷರಾದರು. ಅದೇ ಕಾಲೇಜಿನಲ್ಲಿ ಬೋಧಿಸಿದ ಸದಲಗಾದ ಆ. ನೇ. ಉಪಾಧ್ಯೆಯವರು ಪ್ರಾಕೃತ ಮತ್ತು ಜೈನ ಸಾಹಿತ್ಯದ ಸಂಶೋಧನೆಗೆ ಜಗತ್ತಿನಲ್ಲೇ ಹೆಸರಾದವರು; 1967ರ ಶ್ರವಣಬೆಳಗೊಳದ ಸಮ್ಮೇಳನಕ್ಕೆ ಅವರು ಅಧ್ಯಕ್ಷರು. ಮುಂದೆ ಜ್ಞಾನಪೀಠ ಪುರಸ್ಕೃತರಾದ ವಿ. ಕೃ. ಗೋಕಾಕರು ಇದೇ ಕಾಲೇಜಿನ ಪ್ರಾಂಶುಪಾಲರಾಗಿದ್ದರು. ಕನ್ನಡದ ಮೂವರು ಹಿರಿಯರು ಕೊಲ್ಲಾಪುರದ ಒಂದೇ ವಿದ್ಯಾಲಯದಲ್ಲಿ ದುಡಿದರೆಂಬುದನ್ನು ನಮ್ಮ ಶಾಲೆಗಳ ಗೋಡೆಗಳ ಮೇಲೆ ಬರೆಸಿಡಬಹುದು.

ದೇವಿಯ ಗುಡಿ, ಕಲ್ಲಿನ ಅಕ್ಷರ

ಮಹಾಲಕ್ಷ್ಮಿಯ ದೇವಾಲಯಕ್ಕೆ ಶುಕ್ರವಾರ, ಮಂಗಳವಾರ ಮತ್ತು ನವರಾತ್ರಿಯ ದಿನಗಳನ್ನು ಬಿಟ್ಟು ಹೋದರೆ ಗುಡಿಯನ್ನು ಗುಡಿಯಾಗಿ ನೋಡಬಹುದು. ಸಾಲಿನಲ್ಲಿ ನಿಂತು ದರ್ಶನ ಮುಗಿಸಿ ಹೊರಟುಬಿಡಬೇಡಿರಿ. ಹೊರಗಿನ ಗೋಡೆಗಳ ಸುತ್ತ ನಿಧಾನವಾಗಿ ಒಂದು ಪ್ರದಕ್ಷಿಣೆ ಬನ್ನಿರಿ. ನಕ್ಷತ್ರದಂತೆ ಮೂಲೆಮೂಲೆಯಾಗಿ ಮಡಿಸಿದ ಗೋಡೆ, ವಾದ್ಯ ಹಿಡಿದ, ನರ್ತಿಸುವ ಸ್ತ್ರೀಮೂರ್ತಿಗಳು, ಕಪ್ಪು ಕಲ್ಲಿನ ಕಂಬಗಳು ಮಕ್ಕಳಿಗೆ ಬಾದಾಮಿ, ಐಹೊಳೆ, ಲಕ್ಕುಂಡಿಗಳ ಚಿತ್ರಗಳನ್ನು ನೆನಪಿಸುತ್ತವೆ. ಈ ಹೋಲಿಕೆ ಆಕಸ್ಮಿಕವಲ್ಲ. ಚಾಲುಕ್ಯರ ಕಾಲದ ಶಿಲ್ಪಪರಂಪರೆ ಕೃಷ್ಣೆಯ ಎರಡೂ ದಂಡೆಗಳಲ್ಲಿ ಒಂದೇ ಆಗಿತ್ತು.

ದೇವಿ ಪಶ್ಚಿಮಾಭಿಮುಖಿ. ವರ್ಷದಲ್ಲಿ ಎರಡು ಸಲ ಮುಳುಗುವ ಸೂರ್ಯನ ಕಿರಣ ಮಹಾದ್ವಾರದಿಂದ ನೇರವಾಗಿ ಗರ್ಭಗುಡಿಯವರೆಗೆ ಬರುತ್ತದೆ. ನವೆಂಬರ 9ರಂದು ಮತ್ತು ಜನವರಿ 31ರಂದು ಪಾದಗಳ ಮೇಲೆ, ನವೆಂಬರ 10ರಂದು ಮತ್ತು ಫೆಬ್ರುವರಿ 1ರಂದು ಎದೆಯ ಮೇಲೆ, ನವೆಂಬರ 11ರಂದು ಮತ್ತು ಫೆಬ್ರುವರಿ 2ರಂದು ಇಡೀ ಮೂರ್ತಿಯ ಮೇಲೆ ಬೆಳಕು ಬೀಳುತ್ತದೆ. ಇದಕ್ಕೆ ಕಿರಣೋತ್ಸವವೆಂದು ಹೆಸರು. ಮೋಡ ಕವಿದರೆ ಕಿರಣ ಪೂರ್ತಿ ಮುಟ್ಟದಿರುವುದೂ ಉಂಟು. ಈ ಎರಡು ಕಾಲಗಳೂ ದಕ್ಷಿಣಾಯನದ ಕೊನೆಯ ದಿನಕ್ಕೆ ಹೆಚ್ಚುಕಡಿಮೆ ಸಮಾನ ದೂರದಲ್ಲಿ ಏಕೆ ಇವೆಯೆಂದು ಭೂಗೋಳದ ಪುಸ್ತಕ ತೆರೆದು ನೋಡುವ ಕೆಲಸವನ್ನು ದೊಡ್ಡ ತರಗತಿಯ ಮಕ್ಕಳಿಗೆ ಕೊಡಬಹುದು.

ಮರಾಠಿ ನೆರೆಯವರಿಗೆ ಈಕೆ ಅಂಬಾಬಾಯಿ. ದಕ್ಷಿಣ ಕರ್ನಾಟಕದ ಎಷ್ಟೋ ಹಳ್ಳಿಗಳಲ್ಲಿ ಕೊಲ್ಲಾಪುರದಮ್ಮನೆಂಬ ಗ್ರಾಮದೇವತೆಯ ಗುಡಿಗಳಿವೆ; ಈ ಊರನ್ನು ಎಂದೂ ಕಾಣದವರೂ ಅಲ್ಲಿ ಈ ಊರಿನ ಹೆಸರಿನಿಂದ ತಾಯಿಯನ್ನು ಕರೆಯುತ್ತಾರೆ. ಸುಮಾರು ಹತ್ತನೆಯ ಶತಮಾನದ ಕೊನೆಯಿಂದ ಹದಿಮೂರನೆಯ ಶತಮಾನದ ಆರಂಭದವರೆಗೆ ಈ ನಾಡನ್ನಾಳಿದ ಶಿಲಾಹಾರರು ತಮ್ಮನ್ನು ಮಹಾಲಕ್ಷ್ಮಿಯ ವರಪ್ರಸಾದ ಪಡೆದವರೆಂದು ಬಿರುದಿನಲ್ಲಿ ಹೇಳಿಕೊಂಡರು. ಕಲ್ಯಾಣದ ಚಾಲುಕ್ಯರ ಸಾಮಂತರಾಗಿದ್ದ ಇವರ ಶಾಸನಗಳು ಸಂಸ್ಕೃತದಲ್ಲಿಯೂ ಕನ್ನಡದಲ್ಲಿಯೂ ಇವೆ. ಸಂಸ್ಕೃತದ ಕೆಲವು ಶಾಸನಗಳನ್ನು ಹಳಗನ್ನಡ ಲಿಪಿಯಲ್ಲಿಯೇ ಕಡೆಯಲಾಗಿದೆ. ಕೊಲ್ಲಾಪುರದ ಶುಕ್ರವಾರ ವೇಸಿಯ ಬಳಿಯ ಜೈನ ಬಸದಿಯಲ್ಲಿ ದೊರೆತ, ವಿಜಯಾದಿತ್ಯ ಅರಸನ 1143ರ ಶಾಸನ ಅಂಥದು.

ಅದಕ್ಕಿಂತ ಎಂಟು ವರ್ಷ ಹಿಂದಿನ, 1135ರ ಶಾಸನವೊಂದು ಅಚ್ಚ ಕನ್ನಡದ್ದು. ಗಂಡರಾದಿತ್ಯ ಅರಸನ ಸಾಮಂತ ನಿಂಬದೇವನು ಇಲ್ಲಿಯ ಸಂತೆಯಲ್ಲಿ ಕಟ್ಟಿಸಿದ ಬಸದಿಗೆ ವರ್ತಕರು ಕೂಡಿ ಬಿಟ್ಟುಕೊಟ್ಟ ಸುಂಕದ ವಿವರ ಅದರಲ್ಲಿದೆ. ಅಯ್ಯಾವೊಳೆಯ ಐನೂರ್ವರೆಂದು ಹೆಸರಾಗಿದ್ದ ಮಹಾವರ್ತಕ ಸಂಘದವರು, ಮೀರಜ, ಕುಂಡಿ ಮೊದಲಾದ ಕಡೆಗಳ ವ್ಯಾಪಾರಿಗಳು ಆ ಸಭೆಯಲ್ಲಿ ಸೇರಿದ್ದರು. ಸಂತೆ, ಸುಂಕ, ಸರಕು, ದಾನ ಎಲ್ಲವೂ ಆ ಕಲ್ಲಿನ ಮೇಲೆ ಕನ್ನಡದಲ್ಲಿವೆ. ಮನೆಯ ಮಾತಾಗಿ ಮಾತ್ರವಲ್ಲ, ವ್ಯವಹಾರದ ಮಾತಾಗಿಯೂ ಈ ಪೇಟೆಯಲ್ಲಿ ಕನ್ನಡ ನಡೆದಿತ್ತೆಂಬುದಕ್ಕೆ ಇದಕ್ಕಿಂತ ಬೇರೆ ಪುರಾವೆ ಬೇಡ. ಕಾವ್ಯದ ಮಾತಾಗಿಯೂ ನಡೆದಿತ್ತು: 'ನೇಮಿನಾಥ ಪುರಾಣ'ವನ್ನು ಬರೆದ ಕರ್ಣಪಾರ್ಯನೆಂಬ ಚಂಪೂ ಕವಿಗೆ ಆಶ್ರಯವಿತ್ತವನು ಇದೇ ವಿಜಯಾದಿತ್ಯನ ಆಸ್ಥಾನದ ಲಕ್ಷ್ಮನೆಂಬ ಮಂತ್ರಿ.

ಹಳೆಯ ಕಲ್ಲಿನ ಮುಂದೆ ನಿಂತ ಮಗು ಗಡಗಡನೆ ಓದಿಬಿಡಲಾರದು, ದೊಡ್ಡವರೂ ಓದಲಾರರು. ಹನ್ನೆರಡನೆಯ ಶತಮಾನದ ಅಕ್ಷರ ಇಂದಿನ ಅಚ್ಚಿನ ಅಕ್ಷರವಲ್ಲ, ಪದಗಳ ನಡುವೆ ಬಿಡುವೂ ಇಲ್ಲ. ಆದರೂ ತಾಳ್ಮೆಯಿಂದ ನೋಡಿದರೆ ಒಂದೊಂದು ಅಕ್ಷರ ಪರಿಚಿತ ಮುಖದಂತೆ ಎದುರಾಗುತ್ತದೆ. ಎಷ್ಟು ಅಕ್ಷರ ಗುರುತಿಸಿದೆಯೆಂದು ಎಣಿಸುವುದೇ ಒಂದು ಆಟ. ಕಲ್ಲಿಗೆ ಸುಣ್ಣ, ಅರಿಸಿನ, ಎಣ್ಣೆ ಹಚ್ಚಿ ಅಕ್ಷರ ಎದ್ದುಕಾಣುವಂತೆ ಮಾಡುವ ರೂಢಿಯನ್ನು ಮಾತ್ರ ಮಕ್ಕಳಿಗೆ ಕಲಿಸಬಾರದು. ಓರೆಯಾಗಿ ಬೀಳುವ ಬೆಳಗಿನ ಅಥವಾ ಸಂಜೆಯ ಬಿಸಿಲಿನಲ್ಲಿ ನೋಡಿದರೆ ಅಕ್ಷರ ತಾನಾಗಿಯೇ ಕಾಣುತ್ತದೆ.

ಅರಮನೆ, ಗರಡಿ, ಹಾಡು, ಚಿತ್ರ

ಮಧ್ಯಾಹ್ನದ ಊಟಕ್ಕೆ ಮಿಸಳ್ ಆಗಬಹುದು. ಮಾಂಸಾಹಾರಿಗಳಿಗೆ ತಾಂಬಡಾ ರಸ್ಸಾ, ಪಾಂಢರಾ ರಸ್ಸಾ ಇವೆ. ಮಕ್ಕಳಿಗೆ ಖಾರ ಕಡಿಮೆ ಮಾಡಿರೆಂದು ಮೊದಲೇ ಹೇಳುವುದು ಲೇಸು. ಊಟದ ನಂತರ ಹೊಸ ಅರಮನೆಯನ್ನು ನೋಡಬಹುದು. 1884ರಲ್ಲಿ ಪೂರ್ಣಗೊಂಡ ಈ ಕಟ್ಟಡದ ನಕ್ಷೆ ಚಾರ್ಲ್ಸ್ ಮ್ಯಾಂಟ್ ಎಂಬ ಇಂಗ್ಲಿಷ್ ವಾಸ್ತುಶಿಲ್ಪಿಯದು. ಇದರೊಳಗಿನ ಸಂಗ್ರಹಾಲಯದಲ್ಲಿ ಶಾಹು ಮಹಾರಾಜರ ಕಾಲದ ವಸ್ತುಗಳಿವೆ. 1902ರಲ್ಲಿ ಸಂಸ್ಥಾನದ ನೌಕರಿಗಳಲ್ಲಿ ಹಿಂದುಳಿದವರಿಗೆ ನೂರಕ್ಕೆ 50ರಷ್ಟು ಸ್ಥಾನ ಮೀಸಲಿಟ್ಟ ದೊರೆ ಇವರು. ಹಳ್ಳಿಯ ಮಕ್ಕಳು ನಗರಕ್ಕೆ ಬಂದು ಓದಲೆಂದು ಬೇರೆ ಬೇರೆ ಸಮಾಜಗಳವರಿಗೆ ವಸತಿಗೃಹಗಳನ್ನು ಇವರು ಸ್ಥಾಪಿಸಿದರು, ಬೆಂಬಲಿಸಿದರು. ಲಿಂಗಾಯತ ಮತ್ತು ಜೈನ ಬೋರ್ಡಿಂಗುಗಳೂ ಅವುಗಳಲ್ಲಿ ಸೇರಿದ್ದವು. ಶಾಹು ಮಹಾರಾಜರೇ ಕಟ್ಟಿಸಿದ ಖಾಸಬಾಗ ಕುಸ್ತಿ ಮೈದಾನವನ್ನು ಗರಡಿಯ ಗೀಳಿರುವ ಹುಡುಗರಿಗೆ ತೋರಿಸದೆ ಬರಬಾರದು.

ಸಂಜೆ ರಂಕಾಳಾ ಕೆರೆಯ ಏರಿಯ ಮೇಲೆ ಕುಳಿತಾಗ ಹೇಳಬಹುದಾದ ಎರಡು ಕಥೆಗಳಿವೆ. ಶಾಹು ಮಹಾರಾಜರ ಆಸ್ಥಾನಗಾಯಕರಾಗಿದ್ದ ಉಸ್ತಾದ ಅಲ್ಲಾದಿಯಾ ಖಾನರ ಗಾಯನ ಪರಂಪರೆಯನ್ನು ಅವರ ಮಕ್ಕಳಾದ ಮಂಜಿ ಖಾನ್ ಮತ್ತು ಭೂರ್ಜಿ ಖಾನ್ ಅವರಿಂದ ಕಲಿತವರು ಧಾರವಾಡದ ಮಲ್ಲಿಕಾರ್ಜುನ ಮನಸೂರ. ಇದು ಮೊದಲನೆಯದು. ಎರಡನೆಯದು ಮಕ್ಕಳಿಗೆ ಇನ್ನೂ ಹಿಡಿಸೀತು. 1934ರ ಮಾರ್ಚ್ 3ರಂದು ಬೆಂಗಳೂರಿನಲ್ಲಿ ತೆರೆಕಂಡ, ಕನ್ನಡದ ಮೊದಲ ವಾಕ್ಚಿತ್ರವೆಂದು ಹೆಸರಾದ 'ಸತಿ ಸುಲೋಚನಾ' ಚಿತ್ರೀಕರಣಗೊಂಡದ್ದು ಕೊಲ್ಲಾಪುರದ ಛತ್ರಪತಿ ಸ್ಟುಡಿಯೋದಲ್ಲಿ. ಆಗ ಕೊಲ್ಲಾಪುರ ಚಿತ್ರೋದ್ಯಮದ ದೊಡ್ಡ ಕೇಂದ್ರವಾಗಿತ್ತು. ವೈ. ವಿ. ರಾವ್ ಅವರ ನಿರ್ದೇಶನದಲ್ಲಿ ಸುಬ್ಬಯ್ಯನಾಯ್ಡು, ಆರ್. ನಾಗೇಂದ್ರರಾಯರು, ತ್ರಿಪುರಾಂಬ ಮೊದಲಾದವರು ಇಲ್ಲಿಗೆ ಬಂದು ಅಭಿನಯಿಸಿದರು. ಬೆಳ್ಳಿತೆರೆ ಕನ್ನಡ ಮಾತನಾಡಲು ಕಲಿತದ್ದು ಈ ಊರಿನಲ್ಲಿ.

ಎರಡನೆಯ ದಿನ: ಬೆಟ್ಟ

ಪನ್ಹಾಳ ಕೊಲ್ಲಾಪುರದಿಂದ ವಾಯುವ್ಯಕ್ಕೆ ಸುಮಾರು 20 ಕಿಲೋಮೀಟರು. ಬೆಳಿಗ್ಗೆ ಬೇಗ ಹೊರಟರೆ ದಾರಿಯಲ್ಲಿ ಜೋತಿಬಾ ಬೆಟ್ಟವನ್ನೂ ಏರಿ ಮುಂದೆ ಹೋಗಬಹುದು. ಚೈತ್ರ ಹುಣ್ಣಿಮೆಯ ಜಾತ್ರೆಯಲ್ಲಿ ಮಾತ್ರ ಆ ಬೆಟ್ಟ ಗುಲಾಲಿನಲ್ಲಿ ಮುಳುಗಿರುತ್ತದೆ. ಚಿಕ್ಕ ಮಕ್ಕಳೊಡನೆ ಆ ದಿನ ಬೇಡ. ಪನ್ಹಾಳದ ಮೇಲೆ ಊರಿದೆ, ವಾಹನ ಒಳಗಿನವರೆಗೂ ಹೋಗುತ್ತದೆ. ಆದರೆ ನೋಡಬೇಕಾದ ಸ್ಥಳಗಳು ಕೋಟೆಯ ಉದ್ದಗಲಕ್ಕೂ ಹರಡಿಕೊಂಡಿವೆ. ಸಾಧ್ಯವಾದಷ್ಟು ನಡೆಯುವುದೇ ಸರಿ; ಬಿಸಿಲಿಗೆ ಟೊಪ್ಪಿಗೆ, ಗಾಳಿಗೆ ಒಂದು ಸ್ವೆಟರು, ನೀರಿನ ಬಾಟಲಿ ಜೊತೆಗಿರಲಿ.

ಹಳೆಯ ಬರಹಗಳಲ್ಲಿ ಈ ಕೋಟೆಯ ಹೆಸರು ಪ್ರಣಾಲಕ. ಪ್ರಣಾಲವೆಂದರೆ ನೀರು ಹರಿಯುವ ಕಾಲುವೆ. ಶಿಲಾಹಾರರ ಕೊನೆಯ ಅರಸ ಇಮ್ಮಡಿ ಭೋಜನು ಹನ್ನೆರಡನೆಯ ಶತಮಾನದ ಕೊನೆಯ ಭಾಗದಲ್ಲಿ ಇದನ್ನು ಕಟ್ಟಿಸಿ, ಇಲ್ಲಿಂದ ರಾಜ್ಯವಾಳಿದನು. ಅವನ ಕಾಲದಲ್ಲಿಯೇ, 1205ರಲ್ಲಿ, ಗಡಹಿಂಗ್ಲಜದ ನೆರೆಯ ಆಜರೆಯ ಬಸದಿಯಲ್ಲಿ ಕುಳಿತು ಸೋಮದೇವನೆಂಬ ಜೈನ ವಿದ್ವಾಂಸನು 'ಶಬ್ದಾರ್ಣವಚಂದ್ರಿಕೆ'ಯೆಂಬ ಸಂಸ್ಕೃತ ವ್ಯಾಕರಣವನ್ನು ಬರೆದನು. ಕೆಲವೇ ವರ್ಷಗಳಲ್ಲಿ ದೇವಗಿರಿಯ ಯಾದವ ದೊರೆ ಸಿಂಘಣನು ಭೋಜನನ್ನು ಸೋಲಿಸಿದನು. ಅಲ್ಲಿಗೆ ಶಿಲಾಹಾರರ ಆಳಿಕೆ ಮುಗಿಯಿತು.

ಆಮೇಲೆ ಕೋಟೆ ಬಹಮನಿಗಳಿಗೆ, ಅವರಿಂದ ವಿಜಾಪುರದ ಆದಿಲಶಾಹಿಗಳಿಗೆ ಬಂದಿತು. ಇಂದು ನಾವು ನೋಡುವ ಗಟ್ಟಿ ಗೋಡೆಗಳಲ್ಲಿ, ಮೂರು ಬಾಗಿಲುಗಳ ತೀನ ದರವಾಜೆಯಲ್ಲಿ ವಿಜಾಪುರದವರ ಕೈಯಿದೆ. ಆ ಬಾಗಿಲಿನ ಮೇಲೆ ಪಾರಸಿ ಬರಹವಿದೆ. ಗೋಳಗುಮ್ಮಟವನ್ನು ಶಾಲೆಯ ಪ್ರವಾಸದಲ್ಲಿ ಕಂಡ ಮಕ್ಕಳು ಇಲ್ಲಿಯ ಕಮಾನುಗಳನ್ನು ನೋಡಿ ಎರಡನ್ನೂ ಹೋಲಿಸಲಿ. ಅಂಬರಖಾನೆಯೆಂಬ ಧಾನ್ಯದ ಕಣಜಗಳು ಮೂರು. ಹೆಸರು ಗಂಗಾ, ಯಮುನಾ, ಸರಸ್ವತಿ. ಗಂಗಾ ಕೋಠಿಯೊಂದೇ 25,000 ಖಂಡಿ ಧಾನ್ಯ ಹಿಡಿಯುತ್ತಿತ್ತೆಂದು ಹೇಳುತ್ತಾರೆ. ಒಳಗೆ ನಿಂತು ಮೇಲೆ ನೋಡಿದರೆ ಧಾನ್ಯ ಸುರಿಯಲು ಬಿಟ್ಟ ಕಿಂಡಿಗಳು ಕಾಣುತ್ತವೆ. ಅಂಧಾರ ಬಾವಿ ಮೂರು ಅಂತಸ್ತಿನದು: ತಳದಲ್ಲಿ ನೀರು, ಮೇಲೆ ಕಾವಲಿನವರಿಗೆ ನೆಲೆ. ಮುತ್ತಿಗೆ ಹಾಕಿದ ಶತ್ರುವು ನೀರಿಗೆ ವಿಷ ಬೆರೆಸದಂತೆ ಬಾವಿಯನ್ನೇ ಕಟ್ಟಡದೊಳಗೆ ಬಚ್ಚಿಟ್ಟ ಜಾಣ್ಮೆಯಿದು.

ಮುತ್ತಿಗೆಯ ಮಾತು ಬಂದಮೇಲೆ 1660ರ ಕಥೆಯನ್ನು ಹೇಳದಿರಲಾಗದು. ಆದಿಲಶಾಹಿಯ ಸರದಾರ ಸಿದ್ದಿ ಜೌಹರನು ತಿಂಗಳುಗಟ್ಟಲೆ ಕೋಟೆಯನ್ನು ಸುತ್ತುವರಿದಿದ್ದನು. ಆ ಜುಲೈಯ ಮಳೆಯ ರಾತ್ರಿಯಲ್ಲಿ ಶಿವಾಜಿ ಮಹಾರಾಜರು ಕೋಟೆಯಿಂದ ಹೊರಬಿದ್ದು ವಿಶಾಳಗಡದ ಕಡೆ ಸಾಗಿದರು. ಅವರಂತೆಯೇ ಕಾಣುತ್ತಿದ್ದ ಶಿವಾ ಕಾಶಿದನು ಅವರ ವೇಷದಲ್ಲಿ ಪಲ್ಲಕ್ಕಿ ಏರಿ, ಶತ್ರುವಿನ ಕೈಗೆ ಸಿಕ್ಕು ಪ್ರಾಣ ಕೊಟ್ಟನು. ದಾರಿಯ ಕಣಿವೆಯಲ್ಲಿ ಬಾಜೀ ಪ್ರಭು ದೇಶಪಾಂಡೆಯು ಬೆನ್ನಟ್ಟಿದವರನ್ನು ತಡೆದು ನಿಂತು ಮಡಿದನು. ಇಬ್ಬರ ಪ್ರತಿಮೆಗಳೂ ಪನ್ಹಾಳದಲ್ಲಿವೆ. ಮರಾಠಿ ಶಾಲೆಯ ನೆರೆಮನೆಯ ಗೆಳೆಯರು ಈ ಕಥೆಯನ್ನು ಕಣ್ಣರಳಿಸಿ ಹೇಳುವಾಗ ನಮ್ಮ ಮಕ್ಕಳೂ ಅಷ್ಟೇ ಅಭಿಮಾನದಿಂದ ದನಿಗೂಡಿಸಬೇಕು. ಬೆಳೆದ ನೆಲದ ಕಥೆ ಎಲ್ಲರದೂ ಹೌದು. ಮರಾಠಿಯ ಪಂಡಿತಕವಿ ಮೋರೋಪಂತರು 1729ರಲ್ಲಿ ಹುಟ್ಟಿದ್ದು ಇದೇ ಪನ್ಹಾಳದಲ್ಲಿ. ತಾರಾಬಾಯಿಯವರ ಕಾಲದಿಂದ 1782ರವರೆಗೆ ಕೊಲ್ಲಾಪುರ ಗಾದಿಯ ರಾಜಧಾನಿಯೂ ಇದೇ ಬೆಟ್ಟ. 2025ರ ಜುಲೈಯಲ್ಲಿ ಯುನೆಸ್ಕೋ ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿದ ಮರಾಠರ 12 ಕೋಟೆಗಳಲ್ಲಿ ಪನ್ಹಾಳವೂ ಒಂದು.

ಸಜ್ಜಾ ಕೋಠಿಯ ಮೇಲಂತಸ್ತಿನಲ್ಲಿ ನಿಂತರೆ ಕೆಳಗಿನ ಬಯಲು ಹಸಿರು ಚಾಪೆಯಂತೆ ಕಾಣುತ್ತದೆ. ಇಲ್ಲಿ ಸ್ವಲ್ಪ ಹೊತ್ತು ಕುಳಿತು, ಜುಣಕಾ-ಭಾಕರಿ, ಗಡಿಗೆಯ ಮೊಸರು ತಿಂದು, ಎರಡು ದಿನಗಳಲ್ಲಿ ಕಂಡುದನ್ನು ಮಕ್ಕಳಿಂದಲೇ ಹೇಳಿಸಿರಿ. ಸಂಸ್ಕೃತ, ಕನ್ನಡ, ಪಾರಸಿ, ಮರಾಠಿ ಎಲ್ಲವೂ ಈ ನೆಲದ ಕಲ್ಲು-ಕಾಗದಗಳ ಮೇಲೆ ಒಂದರ ಪಕ್ಕದಲ್ಲಿ ಒಂದು ಉಳಿದಿವೆ. ಆಳಿದವರು ಬಂದು ಹೋದರು. ಒಂದು ಬರಹ ಬಂತೆಂದು ಮತ್ತೊಂದು ಬರಹ ಅಳಿಯಲಿಲ್ಲ. ಎರಡು ಲಿಪಿಗಳನ್ನು ಸರಾಗವಾಗಿ ಓದಬಲ್ಲ ನಮ್ಮ ಮಕ್ಕಳು ಈ ಊರನ್ನು ಅರ್ಥ ಮಾಡಿಕೊಳ್ಳಲು ಬೇರೆಯವರಿಗಿಂತ ಒಂದು ಹೆಜ್ಜೆ ಮುಂದಿದ್ದಾರೆಯೇ ಹೊರತು ಹಿಂದಿಲ್ಲ.

ಮರಳುವ ದಾರಿಯಲ್ಲಿ

ಗಡಹಿಂಗ್ಲಜದ ಕಡೆ ಹೋಗುವವರು ಹೆದ್ದಾರಿಯಿಂದ ತುಸು ಒಳಗಿರುವ ಕಣೇರಿಯ ಸಿದ್ಧಗಿರಿ ಮಠಕ್ಕೆ ಹೋಗಬಹುದು. ಅಲ್ಲಿಯ ಗ್ರಾಮಜೀವನ ಸಂಗ್ರಹಾಲಯದಲ್ಲಿ ಬಡಿಗ, ಕಮ್ಮಾರ, ಕುಂಬಾರ, ಒಕ್ಕಲಿಗರ ಬದುಕನ್ನು ಆಳೆತ್ತರದ ಪ್ರತಿಮೆಗಳಲ್ಲಿ ತೋರಿಸಿದ್ದಾರೆ. ಅಜ್ಜ-ಅಜ್ಜಿಯರನ್ನು ಕರೆದೊಯ್ದರೆ ಪ್ರತಿಯೊಂದು ಸಾಮಾನಿನ ಕನ್ನಡ ಹೆಸರನ್ನು ಅವರೇ ಹೇಳಿಕೊಡುತ್ತಾರೆ.

ಇಚಲಕರಂಜಿ, ಶಿರೋಳದವರು ಮತ್ತೊಂದು ದಿನ ಕುರುಂದವಾಡ ಮಾರ್ಗವಾಗಿ ಕೃಷ್ಣೆಯ ದಂಡೆಯ ಖಿದ್ರಾಪುರಕ್ಕೆ ಹೋಗಿಬರಲಿ. ಶಿಲಾಹಾರರ ಕಾಲದ ಕೋಪೇಶ್ವರ ದೇವಾಲಯದ ಸ್ವರ್ಗಮಂಟಪಕ್ಕೆ 48 ಕಂಬಗಳು. ನಡುವೆ ಆಕಾಶಕ್ಕೆ ತೆರೆದ ದುಂಡನೆಯ ಬಾಯಿ. ಇಲ್ಲಿಯ ಶಾಸನಗಳಲ್ಲಿ ಸಿಂಘಣನ ಸಂಸ್ಕೃತ ಶಾಸನವೊಂದನ್ನು ಬಿಟ್ಟರೆ ಉಳಿದವು ಕನ್ನಡದವು. ಈ ಶಿವಾಲಯಕ್ಕೆ ಎದುರಿಗೆ ನಂದಿಯಿಲ್ಲ. ಇದರ ನಂದಿ ಹೊಳೆಯಾಚೆ ಕರ್ನಾಟಕದ ಯಡೂರಿನಲ್ಲಿದೆಯೆಂದು ಎರಡೂ ಕಡೆಯ ಜನ ಹೇಳುತ್ತಾರೆ.

ಪೇಟೆಯಿಂದ ಒಯ್ಯಬೇಕಾದುದು ಬೆಲ್ಲ ಮತ್ತು ಚಪ್ಪಲಿ. ಕೊಲ್ಲಾಪುರಿ ಚಪ್ಪಲಿಗೆ ಭೌಗೋಳಿಕ ಗುರುತಿನ ಮಾನ್ಯತೆ ದೊರೆತಾಗ ಅದು ಎಂಟು ಜಿಲ್ಲೆಗಳ ಹೆಸರಿನಲ್ಲಿ ದೊರೆಯಿತು: ಮಹಾರಾಷ್ಟ್ರದ ಕೊಲ್ಲಾಪುರ, ಸಾಂಗಲಿ, ಸಾತಾರಾ, ಸೋಲಾಪುರ, ಕರ್ನಾಟಕದ ಬೆಳಗಾವಿ, ಧಾರವಾಡ, ಬಾಗಲಕೋಟೆ, ವಿಜಯಪುರ. ಹೆಸರು ಒಂದು ಊರಿನದು, ಹೊಲಿಯುವ ಕೈ ಎರಡೂ ನಾಡಿನದು. ಕೊಳ್ಳುವಾಗ ಮಗು ಅಂಗಡಿಯವರೊಡನೆ ಮರಾಠಿಯಲ್ಲಿ ಬೆಲೆ ಕೇಳಲಿ, ತಾಯಿಯೊಡನೆ ಕನ್ನಡದಲ್ಲಿ ಗಟ್ಟಿಯಾಗಿ ವಿಚಾರಿಸಲಿ. ಎರಡಕ್ಕೂ ಸಂಕೋಚಪಡುವ ಅಗತ್ಯ ಈ ಊರಿನಲ್ಲಿ ಇಲ್ಲ.